ಹೊತ್ತು ಮುಳುಗೂದ್ರಾಗ ಮುಗಿಯೂ ಹಾಡು

ಗೋಕಾಕದಾಗ ನಮ್ಮ ಓಣಿ ಎಂಥಾದ್ದಂದ್ರ, ಎರಡು ದಿನ ಏನೂ ಆಗಲಿಲ್ಲಂದ್ರ ಜನ ಒಬ್ಬರ ಮಾರಿ ಒಬ್ಬರು ಅನುಮಾನದಿಂದ ನೋಡಾಕ ಸುರು ಮಾಡ್ತಾರ. ಆದ್ರ ಹಂಗಾಗೂದು ಕಮ್ಮಿ. ಏನರ ಒಂದು ಆಗತೈತಿ, ಆಗಿದ್ದು ಮೊದಲ ನನಗ ತಿಳಿತೈತಿ. ಅದರಾಗೂ ಬಾಜೂ ಮನಿ ಸುದ್ದಿ. ಅವರು ಜೈನರು, ಪ್ಯಾಟ್ಯಾಗ ಅರಿವಿ ಅಂಗಡಿ ಐತಿ. ಗಂಡಗ ಓಣಿ ಮಂದಿ ಎಲ್ಲಾ ಕಾಕಾ ಅಂತಾರ, ಹೆಂಡ್ತಿಗೆ ಕಾಕು. ಕಾಕು ಹುಕ್ಕೇರಿ ಹೆಣ್ಣು, ಮಾತು ಕಮ್ಮಿ. ಇಂಥಾವರ ಮನಿ ಸುದ್ದಿ ಹೊರಗ ಬರೂದು ಕಠಿಣ. ಆದ್ರ ಅವರಿಗೂ ನಮಗೂ ನಡುವ ಒಂದ ಗ್ವಾಡಿ. ಆ ಗ್ವಾಡಿ ಅಷ್ಟು ತೆಳ್ಳಗ ಕಟ್ಟಿದಂವಗ ದೇವರು ಚಲೋ ಮಾಡಲಿ.

ಅಂಗಡಿ ಮ್ಯಾಲಿನ ಕಣ್ಣು

ಕಾಕಾ ಹರೇದಾಗ ಕಾಲೇಜು ಕಲಿಯಾಕ ಪುಣೆಕ್ಕ ಹೋಗಿದ್ರು. ಡಿಗ್ರಿ ತರಲಿಲ್ಲ, ಒಂದು ಇಂಗ್ಲೀಷ್ ರೆಕಾರ್ಡು ತಂದ್ರು. ಎರಡು ಕರೇ ಪ್ಲೇಟು, ಪುಸ್ತಕದಂಗ ತಗಿಯೂ ದಪ್ಪ ರಟ್ಟಿನ ಕವರು. ಅದರಾಗಿನ ಹಾಡು ಬಿಡಿ ಬಿಡಿ ಹಾಡಲ್ಲಂತ, ನಾಕೂ ಮಗ್ಗಲ ಸೇರಿ ಒಂದ ಕತಿ ಅಂತ. ಒಬ್ಬ ಗಡಿಯಾರ ರಿಪೇರಿ ಮಾಡಾಂವ. ಅವನ ಹೆಂಡ್ತಿ ಮನಿ ಬಿಟ್ಟು ಹೋಗ್ತಾಳ. ಆಕಿ ಹೊಳ್ಳಿ ಬರೂತನಾ ಹೊತ್ತು ಮುಂದ ಸರೀಬಾರದಂತ ಅಂವ ಊರಾಗಿನ ಗಡಿಯಾರ ಎಲ್ಲಾ ನಿಲ್ಲಿಸಿ ಬಿಡ್ತಾನ.

“ಆಕಿ ಯಾರ ಜೋಡಿ ಹೋದ್ಲು?” ಅಂತ ನಾನು ಕೇಳಿದ್ದೆ.

“ಅದು ಕತ್ಯಾಗ ಇಲ್ಲ ಆಯಿ,” ಅಂದ್ರು ಕಾಕಾ.

ಹಂಗಾರ ಅದೆಂಥಾ ಕತಿ. ಕೇಳಬೇಕಾದ್ದ ಬಿಟ್ಟು ಉಳದದ್ದೆಲ್ಲಾ ಹಾಡ್ಯಾರ.

ಕವರಿನ ಮ್ಯಾಲ ಒಂದು ಗಡಿಯಾರದ ಚಿತ್ರ, ಮುಳ್ಳು ಕೂಡೂ ಜಾಗಾದಾಗ ದೊಡ್ಡದೊಂದು ಕಣ್ಣು. ಕಾಕಾನ ಅಪ್ಪಗ ಭಜನಿ ಬಿಟ್ಟು ಬ್ಯಾರೆ ಹಾಡು ಅಂದ್ರ ಆಗತಿರಲಿಲ್ಲ, ಮನ್ಯಾಗ ಮಷಿನ್ ಇಡಾಕ ಬಿಡಲಿಲ್ಲ. ಪ್ಲೇಟು ಟ್ರಂಕಿನಾಗ ಹೋದ್ವು. ಕವರು ಮಾತ್ರ ಕಾಕಾನ ಅವ್ವಗ ಭಾಳ ಮನಸ್ಸಿಗೆ ಬಂತು. “ಎಷ್ಟು ಚಲೋ ಕಣ್ಣು ತಂದಾನ ನನ್ನ ಮಗ,” ಅಂತ ಕಾಚಿನ ಚೌಕಟ್ಟು ಹಾಕಿಸಿ, ದೃಷ್ಟಿ ಆಗಬಾರದಂತ ಅಂಗಡಿ ಬಾಗಲದ ಮ್ಯಾಲ ತೂಗು ಹಾಕಿಸಿದ್ಲು. ಕಾಕಾ ದಿನಾ ಅದರ ಕೆಳಗ ಕುಂತು ಸೀರಿ ಬಿಚ್ಚಿ ಮಡಚಿದ್ರು.

ಎದುರಿನ ಅಂಗಡಿ ಸಾವಕಾರ ಆ ಕಣ್ಣಿಗೆ ಹೈರಾಣಾದ. ನಿಂತ್ರೂ ನೋಡತೈತಿ, ಕುಂತ್ರೂ ನೋಡತೈತಿ. ಕಡೀಗೆ ತನ್ನ ಬಾಗಲದ ಮ್ಯಾಲ ಒಂದು ದೊಡ್ಡ ಕನ್ನಡಿ ಹಾಕಿಸಿದ. ಆವತ್ತಿಂದ ಕಣ್ಣು ತನ್ನನ್ನ ತಾನ ನೋಡಕೋತ ಕುಂತಿತು. ಆ ವರ್ಷ ಇಬ್ಬರ ಧಂದೆನೂ ನಡೀಲಿಲ್ಲ.

ಮ್ಯಾಲಿನ ಖೋಲ್ಯಾಗ ಯಾರೋ ನಕ್ಕಿದ್ದು

ಆಮ್ಯಾಲ ಕಾಕಾನ ಅಪ್ಪ ಅವ್ವ ತೀರಿಕೊಂಡ್ರು, ಅಂಗಡಿ ಕಾಕಾಗ ಬಂತು. ಇತ್ತ ಊರೂರಿಗೆ ಕ್ಯಾಸೆಟ್ಟು ಬಂದ್ವು. ಮೂಡಲಗಿಯಾಗ ಒಬ್ಬ ಸ್ಪೀಕರಿನಂವ ಇದ್ದ, ಲಗ್ನಕ್ಕ ಕುಬಸಕ್ಕ ಸ್ಪೀಕರ್ ಬಾಡಿಗಿ ಕೊಡತಿದ್ದ. ಅಂವ ತನ್ನ ಹಳೇ ಪ್ಲೇಟ್ ಮಷಿನ್ ಮಾರಿಬಿಟ್ಟ. ಕಾಕಾ ಅದನ್ನ ತಂದು, ಯಾರಿಗೂ ಹೇಳದ ಕೇಳದ ಮ್ಯಾಲಿನ ಖೋಲ್ಯಾಗ ಇಟ್ರು.

ನನಗೇನು ಗೊತ್ತು. ಒಂದು ರವಿವಾರ ಸಂಜಿಮುಂದ ರೊಟ್ಟಿ ಬಡ್ಯಾಕತ್ತಿದ್ದೆ, ಗ್ವಾಡಿ ಆಚಿಕಿಂದ ಒಬ್ಬಾಕಿ ಖಿಲ್ ಅಂತ ನಕ್ಲು. ಬಡಿಯೂದು ನಿಲ್ಲಿಸಿದೆ. ಮತ್ತ ನಕ್ಲು. ಕಾಕು ನಕ್ಕಿದ್ದು ನಾನು ಆಕಿ ಮಗಳಿಗೆ ಹೆಸರಿಡೂ ಬಾರಸ್ಯಾಗ ಒಮ್ಮೆ ನೋಡಿದ್ದೆ, ಅದೂ ಸೆರಗು ಅಡ್ಡ ಹಿಡಕೊಂಡು. ಇದು ಆಕಿ ನಗಿ ಅಲ್ಲ. ಹಿಂಗ ಬಾಯಿ ತುಂಬ ನಗೂ ಹೆಂಗಸು ನಮ್ಮ ಓಣ್ಯಾಗ ಯಾರೂ ಇಲ್ಲ. ಅಂದಮ್ಯಾಲ ಹೊರಗಿನಾಕಿ.

ಒಂದು ವಾಟಿ ಹಿಡಕೊಂಡು ಹೆಪ್ಪು ಕೇಳೂ ನೆವದಾಗ ಹೊಂಟೆ. ಕೆಳಗ ಯಾರೂ ಇಲ್ಲ. ಪಾವಟಿಗಿ ಹತ್ತಿದೆ. ಎದಿ ಹೊಡಕೋತಿತ್ತು, ಸುಳ್ಳ ಯಾಕ ಹೇಳಲಿ, ಖುಷಿಗೆ ಹೊಡಕೋತಿತ್ತು. ಬಾಗಲಾ ದೂಡಿ ನೋಡ್ತೇನಿ, ಕಾಕಾ ಕಣ್ಣು ಮುಚ್ಚಿ ಗ್ವಾಡಿಗೆ ಆತು ಕುಂತಾರ. ಮಷಿನ್ ಮ್ಯಾಲ ಪ್ಲೇಟು ತಿರಗಾಕತ್ತೈತಿ, ಅದರಾಗಿನಾಕಿ ನಗಾಕತ್ತಾಳ. ಕಾಕು ಮೂಲ್ಯಾಗ ಮರದಾಗ ಅಕ್ಕಿ ಹಸನ ಮಾಡಕೋತ ಕುಂತಾಳ.

ಕಾಕು ನನ್ನನ್ನ ನೋಡಿದ್ಲು, ನನ್ನ ವಾಟಿ ನೋಡಿದ್ಲು.

“ಅಕ್ಕಾರ, ಹೆಪ್ಪು ಬೇಕಾಗಿತ್ತೋ, ಸುದ್ದಿ ಬೇಕಾಗಿತ್ತೋ?”

“ಎರಡೂ ಕೊಟ್ರ ಬ್ಯಾಡ ಅನ್ನೂದಿಲ್ಲವಾ,” ಅಂದೆ.

ಹೆಪ್ಪ ಅಷ್ಟ ಕೊಟ್ಲು.

ರೊಟ್ಟಿ ಆರೂ ಸಲುವಾಗಿ

ಅವರ ಮನ್ಯಾಗ ಹೊತ್ತು ಮುಳುಗಿದಮ್ಯಾಲ ಯಾರೂ ಉಣ್ಣೂದಿಲ್ಲ. ಜೈನರ ಪದ್ಧತಿ ಅದು, ನಮ್ಮಂಗ ರಾತ್ರಿ ತಾಟು ಹಿಡಕೊಂಡು ಕೂಡೂ ಪೈಕಿ ಅಲ್ಲ. ಕಾಕಾ ರವಿವಾರ ಬಂದವರನ್ನ ಹೋದವರನ್ನ ಮಾತಾಡಿಸಿ, ಕಡೀಗೆ ಮ್ಯಾಲ ಹತ್ತಿ ಪ್ಲೇಟು ಹಚ್ಚೂದ್ರಾಗ ಬಿಸಲು ಇಳದಿರತಿತ್ತು. ಆ ಕತಿನೋ ಭಾಳ ಉದ್ದ. ನಾಕನೇ ಮಗ್ಗಲ ನಡ್ಯಾಕತ್ತಿದ್ದಾಗ ಹೊತ್ತು ಮುಳಗತಿತ್ತು. ನಡುವ ಎದ್ದು ಬರ್ರಿ ಅಂದ್ರ ಕತಿ ಕೆಡತೈತಿ ಅಂತಿದ್ರು. ಕತಿ ಮುಗಿಸಿ ಕೆಳಗ ಇಳದು, ಬಾಗಲದಾಗ ನಿಂತು ಆಕಾಶ ನೋಡಿ, “ಆತ ಬಿಡು,” ಅಂದು ಹಂಗ ಮಲಗತಿದ್ರು. ಅವರು ಉಣ್ಣಲಿಲ್ಲಂದ್ರ ಕಾಕು ಉಣ್ಣಾಕಿ ಅಲ್ಲ. ಸೋಮವಾರ ಮುಂಜಾನಿ ಇಬ್ಬರೂ ಬಾಡಿದ ಮಾರಿ ಹೊತಗೊಂಡು ಹೊರಗ ಬರತಿದ್ರು. ಗಂಡ ಹೆಂಡ್ತಿ ಜಗಳ ಅಂತ ನಾನು ನಾಕು ಮನಿಗೆ ಹೇಳೂದೂ ಆತು.

ಒಂದು ಸಲ ಮಷಿನ್ ಕಿರಗುಟ್ಟಾಕ ಹತ್ತಿತು. ಕಾಕಾಗ ಅಂಗಡಿ ಗದ್ದಲ, ಕಾಕು ತಾನ ಅದನ್ನ ಚೀಲದಾಗ ಹಾಕ್ಕೊಂಡು ಮೂಡಲಗಿಗೆ ಹೊಂಟ್ಲು. ನಾನು ಕಲ್ಲೋಳಿಗೆ ತಂಗಿ ಮನಿಗೆ ಹೋಗಾಕಿ, ಜೋಡಿ ಆದೆ, ಕಲ್ಲೋಳಿ ಬಂದ್ರೂ ಇಳೀಲಿಲ್ಲ. ಸ್ಪೀಕರಿನಂವ ಎಣ್ಣಿ ಬಿಟ್ಟು ಕಿರಗುಟ್ಟೂದು ನಿಲ್ಲಿಸಿದ. ಕಾಕು ಏಳಲಿಲ್ಲ.

“ಅಣ್ಣಾ, ಇದು ಸ್ವಲ್ಪ ಲಗೂ ತಿರಗೂಹಂಗ ಮಾಡಾಕ ಬರತೈತೇನು?”

“ಯಾಕ್ರಿ ಅಕ್ಕಾರ?”

“ರೊಟ್ಟಿ ಆರತಾವ.”

ಅಂವಗ ತಿಳೀಲಿಲ್ಲ. ಕಾಕು ಕಣ್ಣಾಗ ನೀರು ನಿಂತಿದ್ದು ನೋಡಿ, ಪ್ಲೇಟು ಇಡೂ ತಟ್ಟಿ ತಗದು, ಒಳಗ ಮೋಟರಿನ ಸಣ್ಣ ಕಡ್ಡಿ ತೋರಿಸಿದ. ಗಾಯಕ್ಕ ಅಂಟಸೂ ಪಟ್ಟಿ ಒಂದು ತುಂಡು ಕತ್ತರಿಸಿ ಆ ಕಡ್ಡಿಗೆ ಸುತ್ತಿದ. “ಕಡ್ಡಿ ದಪ್ಪ ಆದ್ರ ಗಾಲಿ ಲಗೂ ತಿರಗತೈತ್ರಿ. ಹಾಡು ಸ್ವಲ್ಪ ಓಡತೈತಿ, ಕಿವಿಗೆ ಭಾಳ ತಿಳಿಯೂದಿಲ್ಲ. ಹಿಂದಾಗಡೆ ಸಾವಕಾರ್ರು ಬೈದ್ರ ನನ್ನ ಹೆಸರ ಹೇಳಬ್ಯಾಡ್ರಿ.”

ಕಾಕು ಬಸ್ಸಿನಾಗ ನನ್ನ ಕೈ ಹಿಡಕೊಂಡ್ಲು. “ಅಕ್ಕಾರ, ಇದು ನಿಮ್ಮ ಬಾಯಿಂದ ಹೊರಗ ಬೀಳಬಾರದು.”

“ಏ, ನಾನ್ಯಾಕ ಹೇಳಲೆ,” ಅಂದೆ.

ಮುಂದಿನ ರವಿವಾರ ಕತಿ ಮುಗಿದಾಗ ಹೊತ್ತು ಇನ್ನೂ ಗುಡ್ಡದ ಮ್ಯಾಲಿತ್ತು. ಕಾಕಾ ಇಳದು ಬಂದು ಬಿಸಿ ರೊಟ್ಟಿ, ಬದನಿಕಾಯಿ ಪಲ್ಲೆ ಉಂಡ್ರು. ರಿಪೇರಿ ಆದಮ್ಯಾಲ ಮಷಿನ್ನಿಗೆ ಹರೇ ಬಂದೈತಿ ಅಂತ ಓಣಿಗೆಲ್ಲಾ ಹೇಳಿದ್ರು. ಚಳಿಗಾಲದಾಗಂತೂ ನನ್ನ ಕಟ್ಟಿಗೆ ಬಂದು ಕುಂತು ಪಾಠಾನ ಮಾಡತಿದ್ರು.

“ಆಯಿ, ಚಳಿಗೆ ಪ್ಲೇಟು ಬಿಗಿ ಹಿಡಿತೈತಿ. ಅದಕ್ಕ ಚಳ್ಯಾಗ ಹಾಡು ಇನ್ನಷ್ಟು ಚುರುಕು. ಇದು ಸೈನ್ಸು.”

ನಾನು ಹೂಂ ಅಂತಿದ್ದೆ. ಪುಣೆಕ್ಕ ಹೋಗಿ ಕಲತು ಬಂದವರು, ಎರಡನೇ ಇಯತ್ತೆ ಸಾಲಿ ಕಲತಾಕಿ ನಾನೇನು ಹೇಳಲಿ.

ಕಾಕಾ ಹಾಕಿದ ಹಪ್ಪಳ

ಒಂದು ಬ್ಯಾಸಿಗ್ಯಾಗ ಓಣಿ ಹೆಂಗಸರೆಲ್ಲಾ ಕೂಡಿ ಕಾಕುನ ಮಾಳಿಗಿ ಮ್ಯಾಲ ಹಪ್ಪಳ ಹಾಕಿದ್ವಿ. ನಾಕು ಸೀರಿ ಹಾಸಿ, ಕಾಲಿಡಾಕ ಜಾಗಾ ಇಲ್ಲದಂಗ. ಕಾಗಿ ಕಾಯೂ ಕೆಲಸ ನನ್ನದು. ನೆಳ್ಳಿಗೆ ಕುಂತು ಒಂದು ಕೋಲು ಹಿಡಕೊಂಡು, ಯಾರ ಮಾಳಿಗಿ ಮ್ಯಾಲ ಯಾರ ಅರಿವಿ ಒಣಗ್ಯಾವ ಅಂತ ನೋಡಕೋತ ಇದ್ದೆ.

ಆವತ್ತ ಕಾಕಾಗ ಪ್ಲೇಟಿನ ಮ್ಯಾಲ ಧೂಳಾಗೈತಿ ಅನಿಸೇತಿ. ಸೀಗಿಕಾಯಿ ನೀರಾಗ ಎರಡೂ ಪ್ಲೇಟು ತೊಳದು, ಮೆತ್ತನ್ನ ಅರಿವಿಲೆ ಒರಸಿ, ಒಂದು ಗಳಿಗಿ ಆರಲಿ ಅಂತ ಮಾಳಿಗಿಗೆ ತಂದು ಹಪ್ಪಳದ ನಡುವ ಇಟ್ರು. “ಆಯಿ, ಕಾಗಿ ನೋಡ್ರಿ,” ಅಂದ್ರು. ಅಷ್ಟೊತ್ತಿಗೆ ಅಂಗಡಿಯಿಂದ ಕರೆ ಬಂತು, ಲಗ್ನದ ಅರಿವಿ ತಗೊಳ್ಳೂ ಗಿರಾಕಿ ಬಂದಾರ ಅಂತ. ಹೋದವರು ಸಂಜಿಗೆ ಬಂದ್ರು. ನಾನಂತೂ ಒಂದು ಕಾಗಿ ಸುದ್ದಾ ಹಾಯಾಕ ಬಿಡಲಿಲ್ಲ.

ಪ್ಲೇಟು ನೋಡಿದ್ರ ನಡುವ ಉಬ್ಬಿ, ಅಂಚು ಮುದುಡಿ, ಎಣ್ಣ್ಯಾಗ ಬಿಟ್ಟು ತಗದಂಗ ಆಗಿದ್ವು. ಕಾಕಾ ಅಲ್ಲೇ ಮಂಡಿಗಾಲು ಹಚ್ಚಿ ಕುಂತ್ರು. ಎಲ್ಲಾ ಹೆಂಗಸರೂ ಸುತ್ತ ನಿಂತ್ವಿ. ಕಡೀಮನಿ ಮುದುಕಿಗೆ ಕಣ್ಣು ಮಂಜು. ಆಕಿ ಬಗ್ಗಿ ಒಂದನ್ನ ಕೈಯಾಗ ಹಿಡದು ನೋಡಿ, ಕಾಕಾಗ ಸಮಾಧಾನ ಹೇಳಿದ್ಲು.

“ಇರಲಿ ಬಿಡಪ್ಪಾ, ಉದ್ದು ಕಮ್ಮಿ ಬಿದ್ದೈತಿ.”

ಎಲ್ಲಾರೂ ಸೆರಗು ಬಾಯಾಗ ಇಟಗೊಂಡ್ವಿ. ಕಾಕು ಮಾತ್ರ ನಗಲಿಲ್ಲ. ಆ ಎರಡೂ ಮುದುಡಿದ ಪ್ಲೇಟು ತಗೊಂಡು ಹೋಗಿ, ತನ್ನ ಲಗ್ನದ ಸೀರಿ ಇಟ್ಟ ಟ್ರಂಕಿನಾಗ, ಸೀರಿ ಮಡಿಕ್ಯಾಗ ಸುತ್ತಿ ಇಟ್ಲು. ಅದನ್ನ ನಾನು ನೋಡೇನಿ. ಹೆಂಗ ನೋಡಿದೆ ಅಂತ ಕೇಳಬ್ಯಾಡ್ರಿ.

ಅಳಿಯಾ ಮುಂಬಯಿಯಿಂದ ತಂದದ್ದು

ಆಮ್ಯಾಲೂ ಕಾಕಾ ರವಿವಾರ ಮ್ಯಾಲ ಹತ್ತೂದು ಬಿಡಲಿಲ್ಲ. ಪ್ಲೇಟಿಲ್ಲದ ಮಷಿನ್ ಮುಂದ ಸುಮ್ನ ಕುಂತು, ಹೊತ್ತು ಮುಳುಗೂದ್ರಾಗ ತಾವ ಇಳದು ಬಂದು ಉಣ್ಣತಿದ್ರು. ಗ್ವಾಡಿ ಆಚಿಕಿ ಒಂದು ಸಪ್ಪಳಾ ಇಲ್ಲ. ಒಂದಿನ ಕಾಕು ನನ್ನ ಮುಂದ ಅಂದ್ಲು: “ಮೊದಲ ಆ ಗದ್ದಲ ತಡ್ಯಾಕ ಆಗತಿರಲಿಲ್ರಿ ಅಕ್ಕಾರ. ಈಗ ರೊಟ್ಟಿ ಬಿಸಿ ಇರತಾವ, ಉಣ್ಣಾವರಿಗೆ ರುಚಿ ಹತ್ತವಲ್ದು.”

ಅವರ ಮಗಳನ್ನ ಯಮಕನಮರಡಿಗೆ ಕೊಟ್ಟಾರ. ಅಳಿಯಾ ಲಾರಿ ಇಟ್ಟಾನ, ಬೆಲ್ಲಾ ತುಂಬಕೊಂಡು ಮುಂಬಯಿಗೆ ಹೋಗ್ತಾನ. ಕಾಕು ಅವನ ಕೈಯಾಗ ರೆಕಾರ್ಡಿನ ಹೆಸರು ಬರದ ಚೀಟಿ ಇಟ್ಲು. ಮೊದಲನೇ ಸಲ ಅಂವ ಕ್ಯಾಸೆಟ್ಟು ತಂದ. ಕಾಕಾ, “ಇದರಾಗ ಎರಡ ಮಗ್ಗಲ ಅದಾವಪ್ಪಾ,” ಅಂದು ತಿರುಗಿ ಕೊಟ್ರು. ಎರಡನೇ ಸಲ ಸೀಡಿ ತಂದ. ಕಾಕಾ ಅದನ್ನ ಹಿಂದಮುಂದ ತಿರಿವಿ ನೋಡಿದ್ರು. “ಇದಕ್ಕ ಒಂದ ಮಗ್ಗಲ. ಮಗ್ಗಲ ಬದಲಸಾಕ ಏಳೂದ ಇಲ್ಲಂದ್ರ ಕೇಳಾಂವ ನಿದ್ದಿ ಹೊಡಿತಾನ.”

ಅಳಿಯಾ ಪಾಪ, ಮುಂಬಯ್ಯಾಗ ಅಂಗಡಿ ಅಂಗಡಿ ಅಡ್ಡಾಡಿ, ಮೂರನೇ ಸಲ ಖರೆನ ಹಿಡದುಕೊಂಡು ಬಂದ. ಆ ಹಳೇ ರೆಕಾರ್ಡನ್ನ ಕಂಪನಿಯವರು ಹೊಸದಾಗಿ ಅಚ್ಚು ಹಾಕಿ ಬಿಟ್ಟಿದ್ರಂತ. ಅದ ಗಡಿಯಾರ, ಅದ ಕಣ್ಣು, ಎರಡು ಹೊಸಾ ಪ್ಲೇಟು, ಮೊದಲಿನಕಿಂತ ದಪ್ಪ. ಬಿಸಲು ತಾಗಬಾರದು, ಭಾರ ಬೀಳಬಾರದು ಅಂತ ಮುಂಬಯಿಯಿಂದ ಗೋಕಾಕದ ತನಕ ಡ್ರೈವರನ ಬಾಜೂಕ ಕುಂತು, ತೊಡಿ ಮ್ಯಾಲ ಇಟಗೊಂಡು, ಮ್ಯಾಲ ಒಂದು ರಗ್ಗು ಹೊಚ್ಚಿ, ಗಾಳಿ ಹಾಕಕೋತ ತಂದಿದ್ದ.

ಮಗಳು ಅವ್ವನ ಕಿವ್ಯಾಗ ಅಂದ್ಲು: “ಲಗ್ನ ಆಗಿ ನನ್ನನ್ನ ಕರಕೊಂಡು ಹೋಗುಮುಂದ ಇದ ಲಾರ್ಯಾಗ ಹಿಂದ ಸಾಮಾನಿನ ಮ್ಯಾಲ ಕುಂಡ್ರಿಸಿದ್ದ.”

ಸ್ವಚ್ಛ ಮಾಡಿದ ಮಷಿನ್

ಮಷಿನ್ ಧೂಳು ಹಿಡದಿತ್ತು. ಅಳಿಯಾ ಅದನ್ನ ಮೂಡಲಗಿಗೆ ಒಯ್ದು ತಯಾರ ಮಾಡಿಸಿಕೊಂಡು ಬಂದ. ಹಳೇ ಸ್ಪೀಕರಿನಂವ ಹಾಸಿಗಿ ಹಿಡದಿದ್ದ, ಅಂಗಡಿ ಮಗ ನೋಡತಿದ್ದ. ಮಗ ಭಾಳ ಒಪ್ಪದಂವ. ಎಲ್ಲಾ ಬಿಚ್ಚಿ, ಒರಸಿ, ಎಣ್ಣಿ ಬಿಟ್ಟು, ಫಳಫಳ ಹೊಳಿಯೂಹಂಗ ಮಾಡಿ ಕಳಿಸಿದ್ದ.

ಆ ರವಿವಾರ ಕಾಕಾ ಓಣಿನ್ನೆಲ್ಲಾ ಕರದ್ರು. ಮ್ಯಾಲಿನ ಖೋಲ್ಯಾಗ ಜಮಖಾನಿ ಹಾಸಿ, ಚುರಮರಿ ಚೂಡಾ, ಚಹಾ. ಕಾಕಾ ಹೊಸಾ ಅಂಗಿ ಹಾಕ್ಕೊಂಡಿದ್ರು. ಎರಡೂ ಅಂಗೈಲೆ ಪ್ಲೇಟು ಹಿಡದು ಇಟ್ಟು, ಮುಳ್ಳು ಇಳಿಸಿ, ಗ್ವಾಡಿಗೆ ಆತು ಕಣ್ಣು ಮುಚ್ಚಿದ್ರು.

ಹಾಡು ಸುರು ಆತು. ಎಮ್ಮಿ ಏರು ಹತ್ತಿದಂಗ ಸಾವಕಾಶ. ಗಡಿಯಾರ ರಿಪೇರಿಯಂವಗ ಗಂಟಲಾ ಬಿದ್ದಂಗಿತ್ತು. ಆ ನಗೂ ಹೆಂಗಸು ಥಂಡಿ ಹಿಡದಾಕಿಯಂಗ ನಕ್ಲು. ಕಾಕಾ ಕಣ್ಣು ತಗದ್ರು.

ನಾನು ಕಾಕುನ ಕಡೆ ನೋಡಿದೆ. ಆಕಿ ಮಾರಿ ಬಿಳಿಚಿ ಸುಣ್ಣ ಆಗಿತ್ತು. ಆ ಮಗರಾಯ ಸ್ವಚ್ಛ ಮಾಡೂ ಭರದಾಗ ಕಡ್ಡಿಗೆ ಸುತ್ತಿದ ಪಟ್ಟಿ ಹೊಲಸಂತ ಕಿತ್ತು ಒಗದಾನ. ಅದು ನನಗ ತಿಳೀತು, ಕಾಕುಗ ತಿಳೀತು. ಬ್ಯಾರೆ ಯಾರಿಗೂ ತಿಳಿಯೂಹಂಗಿಲ್ಲ ಅಂತ ಸುತ್ತ ಕಣ್ಣಾಡಿಸ್ತೇನಿ, ಖೋಲ್ಯಾಗಿನ ಮಂದಿ ಎಲ್ಲಾ ಕಾಕುನ್ನ ನೋಡಾಕತ್ತಾರ. ಅಳಿಯಾ ಸುದ್ದಾ. ಕಡೀಮನಿ ಕಣ್ಣು ಕಾಣದ ಮುದುಕಿ ಸುದ್ದಾ ಆ ಕಡೆ ಮಾರಿ ತಿರಿವಿ ಕುಂತಾಳ.

ನನಗ ಭಾಳ ಸಿಟ್ಟು ಬಂತು. ಇಂಥಾ ಗುಟ್ಟು ಇವರಿಗೆಲ್ಲಾ ಹೆಂಗ ಗೊತ್ತಾತು? ನಾನಂತೂ ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕರದು, ಯಾರಿಗೂ ಹೇಳಬಾರದಂತ ಆಣಿ ಹಾಕಿಸಿಕೊಂಡ ಹೇಳಿದ್ದೆ. ಆದ್ರ ಒಂದು ಮಾತು ಒಪ್ಪಬೇಕು. ಅಷ್ಟು ವರ್ಷ ಇಡೀ ಓಣಿಗೆ ಗೊತ್ತಿತ್ತು, ಕಾಕಾನ ಕಿವಿಗೆ ಒಬ್ಬರೂ ಹಾಕಿರಲಿಲ್ಲ.

ಕಡೀ ಮಗ್ಗಲ

ಮೊದಲನೇ ಮಗ್ಗಲ ಮುಗಿಯೂಕಿಂತ ಮೊದಲ ಕಾಕಾ ಮುಳ್ಳು ಎತ್ತಿಟ್ರು. “ಇದು ಅಲ್ಲ,” ಅಂದ್ರು. ಕಂಪನಿಯವರು ಏನರ ಹೆಚ್ಚುಕಮ್ಮಿ ಮಾಡಿರಬೇಕು ಅಂದ ಅಳಿಯಾ. “ಕಂಪನಿಯವರು ಯಾಕ ಮಾಡ್ತಾರ. ಪ್ಲೇಟು ಬರೋಬ್ಬರಿ ಐತಿ. ನನ್ನ ತಲಿ ಬರೋಬ್ಬರಿ ಇಲ್ಲ,” ಅಂದ್ರು ಕಾಕಾ.

ಆಗ ಯಾರಿಗೂ ನಗಿ ಬರಲಿಲ್ಲ. ಯಾಕಂದ್ರ ಅವರ ಅಪ್ಪಗ ಕಡೀಕ ಹಂಗ ಆಗಿತ್ತು. ಮೊದಲ ಗುರುತಿನ ಭಜನಿ ಪದ ಕೇಳಿದ್ರ ಇದು ಬ್ಯಾರೆ ಅನ್ನಾವ್ರು, ಆಮ್ಯಾಲ ಗುರುತಿನ ಮಂದಿ ಕಂಡ್ರ ಇವರು ಬ್ಯಾರೆ ಅನ್ನಾವ್ರು, ಕಡೀಗೆ ಹೆಂಡ್ತಿನ್ನ, ನೀ ಯಾರವಾ ಅಂತ ಕೇಳಿದ್ರು. ಕಾಕಾ ಅದನ್ನೆಲ್ಲಾ ಕಣ್ಣಾರೆ ನೋಡಿದವರು. ಮರುದಿನ ಅಂಗಡಿಗೆ ಹೋಗಲಿಲ್ಲ. ಅದರ ಮರುದಿನಾನೂ ಇಲ್ಲ. ಪಡಸಾಲ್ಯಾಗ ಕುಂತು, ಬಂದವರ ಹೆಸರು ತಮ್ಮಷ್ಟಕ್ಕ ತಾವ ಬಾಯಾಗ ಅಂದು ನೋಡಕೋತಿದ್ರು.

ನಾನು ಗ್ವಾಡಿಗೆ ಕಿವಿ ಹಚ್ಚಿದ್ದೆ. ಮಧ್ಯಾಹ್ನ ಕಾಕಾನ ದನಿ ಕೇಳಿತು.

“ನಿನ್ನ ಹೆಸರು ನಾ ಮರತ ದಿನ, ನನ್ನ ಮ್ಯಾಲ ಸಿಟ್ಟಾಗಬ್ಯಾಡ.”

ಆಮ್ಯಾಲ ಕಾಕು ಬಿಕ್ಕಿ ಬಿಕ್ಕಿ ಅಳೂದು. ನಾನು ವಾಟಿ ಸುದ್ದಾ ಮರತು ಓಡಿದೆ.

ಕಾಕು ಎಲ್ಲಾ ಹೇಳಿದ್ಲು. ಮೂಡಲಗಿ, ಕಡ್ಡಿ, ಪಟ್ಟಿ, ಆರಿದ ರೊಟ್ಟಿ, ಎಲ್ಲಾ. ನಡುವ ನಾನು ಒಂದೆರಡು ಬಿಟ್ಟಿದ್ದು ನೆನಪು ಮಾಡಿಕೊಟ್ಟೆ. ಕಾಕಾ ಅಲುಗದ ಕೇಳಿದ್ರು. ಅವರು ಸಿಟ್ಟಾಗ್ತಾರ, ಬೈತಾರ, ಓಣಿ ನೆನೆಯೂಹಂಗ ಏನರ ಆಗತೈತಿ ಅಂತ ನಾನು ಬಾಗಲಾ ಸ್ವಲ್ಪ ತಗದ ಇಟ್ಟಿದ್ದೆ.

“ಅಂದ್ರ ನನ್ನ ತಲಿ ಬರೋಬ್ಬರಿ ಐತಿ?”

“ಐತ್ರಿ.”

“ಕಿವೀನೂ?”

“ಕಿವೀನೂ ಬರೋಬ್ಬರಿ ಐತ್ರಿ.”

ಕಾಕಾ ಉಸರು ಬಿಟ್ರು. ಬಾವ್ಯಾಗಿಂದ ಕೊಡಾ ಮ್ಯಾಲ ಬಂದಂಗ ಬಂತು ಆ ಉಸರು. ಆಮ್ಯಾಲ ಸ್ವಲ್ಪ ಯಾಪಾರಸ್ಥರ ದನಿ ತಗದು ಕೇಳಿದ್ರು: “ರವಿವಾರಕ್ಕ ಕಾಲು ತಾಸು ಅಂತ ಹಿಡದ್ರೂ, ಅಷ್ಟು ವರ್ಷದ್ದು ನನ್ನ ಹೊತ್ತೆಲ್ಲಾ ಎಲ್ಲಿ ಹೋತು?”

ಕಾಕು ಮೂಗು ಒರಸಿಕೊಂಡು ಅಂದ್ಲು: “ನಿಮ್ಮ ಹೊಟ್ಟ್ಯಾಗ.”

ಕಾಕಾ ತಮ್ಮ ಹೊಟ್ಟಿ ನೋಡಿಕೊಂಡ್ರು. ನಗಾಕ ಹತ್ತಿದವರು ನಿಲ್ಲಿಸಲೇ ಇಲ್ಲ. ಕಾಕುನೂ ನಕ್ಲು, ಸೆರಗು ಅಡ್ಡ ಇರಲಿಲ್ಲ. ಆ ಪ್ಲೇಟಿನಾಕಿಕಿಂತ ಇಕಿ ಚಲೋ ನಗತಾಳ, ಇಷ್ಟು ವರ್ಷ ನನಗ ಗೊತ್ತಿರಲಿಲ್ಲ.

ಮುಂದಿನ ರವಿವಾರ ಇಬ್ಬರೂ ಮ್ಯಾಲ ಹೋಗಿ, ಪಟ್ಟಿ ಇಲ್ಲದ ಕತಿ ಹಚ್ಚಿದ್ರು. ಕಾಕು ಅದರ ಕಡೀ ಮಗ್ಗಲ ಒಮ್ಮೆಯೂ ಕೇಳಿದಾಕಿ ಅಲ್ಲ. ಅಷ್ಟೊತ್ತಿಗೆ ಆಕಿ ಒಲಿ ಮುಂದ ಇರತಿದ್ಲು. ಆವತ್ತ ಕೆಳಗ ಇಳೀಲಿಲ್ಲ. ಹೊತ್ತು ಮುಳುಗಿತು, ರೊಟ್ಟಿ ಬುಟ್ಯಾಗ ಆರಿದ್ವು, ಹಾಡು ತನ್ನ ನಡಿಗಿಲೆ ನಡದಿತ್ತು. ಎಲ್ಲಾ ಮುಗಿಯೂಮುಂದ ಆ ಹೆಂಗಸು ನಕ್ಕಿದ್ದು ನನಗೂ ಕೇಳಿತು.

“ಬಂದ್ಲೇನ್ರಿ ಆಕಿ?” ಅಂತ ಕಾಕು ಕೇಳಿದ್ಲು.

“ಬಂದ್ಲು,” ಅಂದ್ರು ಕಾಕಾ.

ಆ ದಿನ ಇಬ್ಬರೂ ಉಪಾಸ. ಸೋಮವಾರ ಮುಂಜಾನಿ ಬಾಡಿದ ಮಾರಿ ಹೊತಗೊಂಡು, ನಕ್ಕೋತ ಹೊರಗ ಬಂದ್ರು. ಇದನ್ನ ಓಣ್ಯಾಗ ಹೆಂಗ ಹೇಳಬೇಕು ಅಂತ ನನಗ ತಿಳೀಲಿಲ್ಲ.

ಅದರ ಮುಂದಿನ ರವಿವಾರ ನಾನು ಹೆಪ್ಪಿಗೆ ಹೋದಾಗ, ಕಾಕಾ ಪಡಸಾಲ್ಯಾಗ ಕನ್ನಡಕ ಹಾಕ್ಕೊಂಡು, ಮಷಿನ್ ಬಿಚ್ಚಿ ಮುಂದ ಇಟಗೊಂಡು ಕುಂತಿದ್ರು. ಕೈಯಾಗ ಗಾಯದ ಪಟ್ಟಿ, ಕತ್ತರಿ.

“ಉಪಾಸ ಒಂದ ಸಲ ಸಾಕು ಆಯಿ,” ಅಂದ್ರು. ಆಮ್ಯಾಲ ಅಡಗಿ ಮನಿ ಕಡೆ ಮಾರಿ ಮಾಡಿ ಕೂಗಿದ್ರು: “ಏ ಇಕಿನ, ಎಷ್ಟು ಸುತ್ತು ಸುತ್ತಲಿ?”

ಒಳಗಿಂದ ರೊಟ್ಟಿ ಬಡಿಯೂ ಸಪ್ಪಳದ ನಡುವ ಕಾಕು ಅಂದ್ಲು:

“ಬ್ಯಾಸಿಗಿಗೆ ಒಂದು. ಚಳಿಗಾಲದಾಗ ಹೊತ್ತು ಲಗೂ ಮುಳಗತೈತಲ್ರಿ, ಎರಡು.”

ಕಾಕಾ ಕತ್ತರಿ ಕೆಳಗ ಇಟ್ರು. ನನ್ನ ಮಾರಿ ನೋಡಿದ್ರು. ನಾನು ಸೈನ್ಸಿನ ಮಾತು ಎತ್ತಲಿಲ್ಲ. ಹೆಪ್ಪು ಇಸಗೊಂಡು, ಬಾಗಲದ ಪಾವಟಿಗಿ ಇಳಿಯೂತನಾ ನಗಿ ತಡಕೊಂಡೆ.